ಅಕ್ಕೋರ ಕಾರಿನ ಗೇರು

ಗ್ಯಾರೇಜಿನ ಶಟರ್ ಎಳೆದು ಎರಡು ವರ್ಷವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಬಲಗೈ ಬೆರಳುಗಳು ಮಡಚುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ, ಒಂದೊಂದನ್ನೇ ಒತ್ತಿ, ಚಹಾದ ಕಪ್ಪು ಹಿಡಿಯುವ ಮಟ್ಟಕ್ಕೆ ತರಲು ಕಾಲು ಗಂಟೆ ಹಿಡಿಯುತ್ತದೆ. ನಲವತ್ತು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿದವನಿಗೆ ಈಗ ಮಂಚದ ಮೇಲೆ ಅಂಗಾತ ಮಲಗಲು ಬೆನ್ನು ಬಿಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಬರುವವರು ಮೈಗೆ ಏನಾಗುತ್ತದೆಂದು ತಿಳಿದೇ ಬರಲಿ.

ನನ್ನನ್ನು ಬರೆಯಲು ಕೂರಿಸಿದವನು ನನ್ನ ಅಕ್ಕನ ಮಗ. ಐಟಿಐ ಒಂದರಲ್ಲಿ ಮೋಟಾರು ಕೆಲಸ ಕಲಿಸುತ್ತಾನೆ. "ಮಾಮಾ, ನೀವು ದೊಡ್ಡ ದೊಡ್ಡ ಕೆಲಸ ಮಾಡೀರಿ. ನಮ್ಮ ಕಡೆ ಕಲಿಯಾಕ ಬಂದವರಿಗೆ ನಾಕ ಹಾಳಿ ಬರದ ಕೊಡ್ರಿ," ಎಂದು ಆರು ತಿಂಗಳಿಂದ ಬೆನ್ನು ಹತ್ತಿದ್ದಾನೆ. ದೊಡ್ಡ ಕೆಲಸ ಅಂದರೆ ಏನು? ಇಂಜಿನ್ ಇಳಿಸಿದ್ದೇನೆ, ಏರಿಸಿದ್ದೇನೆ. ಕಬ್ಬಿನ ಹಂಗಾಮಿನಲ್ಲಿ ಒಂದೇ ದಿನ ಮೂರು ಟ್ರ್ಯಾಕ್ಟರುಗಳಿಗೆ ಕ್ಲಚ್ ಹಾಕಿದ್ದೇನೆ. ಅದನ್ನೆಲ್ಲ ನಾನೇ ಮರೆತಿದ್ದೇನೆ. ಸುಮ್ಮನೆ ಕುಳಿತಾಗ ನೆನಪಿಗೆ ಬರುವುದು ಕೆಡಿಸಿದ ಕೆಲಸವೇ. ಹಾಗಾಗಿ ಅದನ್ನೇ ಬರೆಯುತ್ತೇನೆ. ಅವನಿಗೆ ಬೇಕಾದರೆ ಕಲಿಯುವವರ ಮುಂದೆ ಓದಲಿ, ಬೇಡವಾದರೆ ಬಿಡಲಿ.

ನನ್ನ ಹೆಸರು ದತ್ತಾತ್ರೇಯ. ಚಿಕ್ಕೋಡಿಯಲ್ಲಿ ದತ್ತೂ ಮಿಸ್ತ್ರಿ ಅಂದರೆ ಗೊತ್ತಾಗುತ್ತದೆ. ಕೆಲಸ ಕಲಿತದ್ದು ನಿಪ್ಪಾಣಿಯ ಗೌಸ್ ಉಸ್ತಾದರ ಹತ್ತಿರ. ತಂಬಾಕು ತುಂಬಿಡುವ ವಖಾರಿಯ ಬೆನ್ನಿಗೆ ಅವರ ಗ್ಯಾರೇಜು. ದಿನವಿಡೀ ಸೀನು. ಉಸ್ತಾದರು ಒಂದೇ ಮಾತಿನಲ್ಲಿ ಉರ್ದು, ಮರಾಠಿ, ಕನ್ನಡ ಮೂರನ್ನೂ ಸೇರಿಸಿ ಬೈಯುತ್ತಿದ್ದರು. ಲಾರಿ ಬಂದು ನಿಂತರೆ ನಾವು ನಟ್ಟು ಬಿಚ್ಚುವ ಪಾನಾ ಹಿಡಿದು ಓಡುತ್ತಿದ್ದೆವು. ಅವರು ಮಾತ್ರ ಡ್ರೈವರನನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾ ತರಿಸಿ, ಎಲ್ಲಿಂದ ಬಂದೆ, ಯಾವ ಏರಿನಲ್ಲಿ ಸದ್ದು ಬಂತು, ಹೊರೆ ಎಷ್ಟಿತ್ತು ಎಂದು ಮದುವೆ ಮಾತುಕತೆಗೆ ಕೂತವರಂತೆ ಕೇಳುತ್ತಿದ್ದರು. "ಅರೆ ದತ್ತೂ, ಗಾಡಿ ಬಿಚ್ಚೂಕಿಂತ ಮೊದಲ ಡ್ರೈವರನ ಬಿಚ್ಚೋ," ಎನ್ನುತ್ತಿದ್ದರು. ಆ ಮಾತನ್ನು ನಾನು ಆಮೇಲೆ ಸಾವಿರ ಜನರ ಮುಂದೆ ನನ್ನದೇ ಎನ್ನುವಂತೆ ಹೇಳಿದ್ದೇನೆ. ಆದರೆ ಡ್ರೈವರ್ ಅಂದರೆ ಖಾಕಿ ಅಂಗಿ, ಬಾಯಲ್ಲಿ ಬೀಡಿ ಎಂದೇ ನನ್ನ ತಲೆಯಲ್ಲಿ ಕೂತಿತ್ತು.

ಚಿಕ್ಕೋಡಿಗೆ ಬಂದು ನನ್ನದೇ ಗ್ಯಾರೇಜು ಹಾಕಿದ ಮೇಲೆ ಬಹಳ ವರ್ಷ ಟ್ರ್ಯಾಕ್ಟರು, ಟೆಂಪೋ, ಜೀಪು ಇಷ್ಟೇ. ಆಟೋಮ್ಯಾಟಿಕ್ ಗೇರಿನ ಕಾರನ್ನು ಮೊದಲು ನೋಡಿದ್ದು ಕೊಕಟನೂರಿನಲ್ಲಿ. ಪುಣೆಯ ಕಡೆಯ ಒಂದು ಕುಟುಂಬ ಯಲ್ಲಮ್ಮನ ದರ್ಶನಕ್ಕೆ ಬಂದಿತ್ತು. ವಾಪಸ್ಸು ಹೊರಟಾಗ ಕಾರು ಚಾಲೂ ಆಗಲಿಲ್ಲ. ನಾನು ಅಲ್ಲಿಗೆ ಬೇರೆ ಕೆಲಸಕ್ಕೆ ಹೋದವನು. ನೋಡಿದರೆ ಹತ್ತು ಹನ್ನೆರಡು ಜನ ಸೇರಿ ಕಾರು ದೂಡುತ್ತಿದ್ದಾರೆ. ನಮ್ಮ ಕಡೆ ಗಾಡಿ ನಿಂತರೆ ಯಾರೂ ಏನೂ ಕೇಳುವುದಿಲ್ಲ, ಮೊದಲು ಹಿಂದೆ ಹೋಗಿ ಕೈ ಹಚ್ಚುತ್ತಾರೆ. "ಹಾಂ, ಎರಡ್ನೇ ಗೇರ್ ಹಾಕ್ರಿ, ಈಗ ಬಿಡ್ರಿ, ಬಿಡ್ರಿ!" ಎಂದು ಕೂಗು ಬೇರೆ. ಆ ಗಾಡಿಯಲ್ಲಿ ಬಿಡಲು ಕ್ಲಚ್ಚೇ ಇಲ್ಲ. ಆಟೋಮ್ಯಾಟಿಕ್ ಗಾಡಿಯನ್ನು ವಿಜಯಪುರದ ತನಕ ದೂಡಿದರೂ ಚಾಲೂ ಆಗುವುದಿಲ್ಲ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನೂ ಒಂದು ಫರ್ಲಾಂಗು ದೂಡಿದೆ.

ಏದುಸಿರು ಬಿಡುತ್ತ ಒಳಗೆ ಬಗ್ಗಿ ನೋಡಿದರೆ ಗೇರಿನ ಕಡ್ಡಿ ಡಿ ಅನ್ನುವ ಅಕ್ಷರದ ಮುಂದೆ ನಿಂತಿತ್ತು. ಮೇಲ್ಗಡೆ ಪಿ ಎಂದಿತ್ತು. ಏನೋ ತಿಳಿದು ಮಾಡಲಿಲ್ಲ, ಕಡ್ಡಿಯನ್ನು ಪಿಗೆ ದೂಡಿ ಚಾವಿ ತಿರುವಿದೆ. ಇಂಜಿನ್ ಚಾಲೂ ಆಯಿತು. ಡಿ ಓಡಿಸಲು, ಪಿ ನಿಲ್ಲಿಸಿಡಲು, ಎನ್ ಅಂದರೆ ನ್ಯೂಟ್ರಲ್; ಪಿ ಅಥವಾ ಎನ್‌ನಲ್ಲಿ ಇದ್ದರೆ ಮಾತ್ರ ಅದು ಚಾಲೂ ಆಗುವುದು, ಅಷ್ಟೇ. ಜನ ನನ್ನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಅವತ್ತಿನಿಂದ ಅಥಣಿ, ಕಾಗವಾಡ, ರಾಯಬಾಗ ಎಲ್ಲ ಕಡೆ ದತ್ತೂ ಮಿಸ್ತ್ರಿಗೆ ಆಟೋಮ್ಯಾಟಿಕ್ ತಿಳಿಯುತ್ತದೆ ಎಂದು ಹೆಸರು ಹಬ್ಬಿತು. ಅಲ್ಲಗಳೆಯಬಹುದಿತ್ತು. ಮಾಡಲಿಲ್ಲ. ಹೆಸರು ಯಾರಿಗೆ ಬೇಡ?

ಆ ಹುಸಿ ಹೆಸರೇ ಶಾಲಿನಿ ಅಕ್ಕೋರ ಕಾರನ್ನು ನನ್ನ ಬಾಗಿಲಿಗೆ ತಂದದ್ದು.

ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ; ಇವರು ರಾಯಬಾಗದವರು. ಕರೋಶಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಸಣ್ಣವರಿದ್ದಾಗ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಅದಕ್ಕೆ ತೊಡೆಯತನಕ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಬಲಗಾಲಿನ ಮೇಲೆ ಭಾರ ಹಾಕಿ ನಡೆಯುತ್ತಿದ್ದರು. ಹತ್ತು ಹನ್ನೊಂದು ವರ್ಷ ದಿನಕ್ಕೆ ಎರಡು ಬಸ್ಸು ಬದಲಿಸಿ ಶಾಲೆಗೆ ಹೋದವರು. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಇರುತ್ತದೆಂದು ಕಾಲು ಗಟ್ಟಿ ಇರುವ ನಾವು ಯಾವತ್ತೂ ನೋಡಿರುವುದಿಲ್ಲ. ಕ್ಲಚ್ಚಿನ ಗಾಡಿ ಓಡಿಸಲು ಎಡಗಾಲು ಬೇಕು, ಆಟೋಮ್ಯಾಟಿಕ್ಕಿಗೆ ಬಲಗಾಲೊಂದಿದ್ದರೆ ಸಾಕು. ಅದಕ್ಕಾಗಿ ಕೊಲ್ಲಾಪುರದಿಂದ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ತರಿಸಿ, ಓಡಿಸುವುದನ್ನು ಕಲಿತು, ಒಬ್ಬರೇ ಶಾಲೆಗೆ ಹೋಗಿಬರಲು ಶುರುಮಾಡಿದ್ದರು. ಅವರ ಅಣ್ಣ ಅಣ್ಣಾಸಾಹೇಬರಿಗೆ ರಾಯಬಾಗದಲ್ಲಿ ಗೊಬ್ಬರದ ಅಂಗಡಿ. ತಂಗಿ ಗಾಡಿ ಓಡಿಸುವುದು ಅವರಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ. ಕೆಟ್ಟವರಲ್ಲ, ಹೆದರಿದವರು. ಸಣ್ಣವಳಿದ್ದಾಗ ಆಕೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬರುತ್ತಿದ್ದವರು ಅವರೇ.

ಅವತ್ತು ಅಕ್ಕೋರೇ ಓಡಿಸಿಕೊಂಡು ಬಂದಿದ್ದರು, ಅಣ್ಣ ಪಕ್ಕದಲ್ಲಿ ಕೂತಿದ್ದರು. ಅಕ್ಕೋರು ಇನ್ನೂ ಬಾಗಿಲು ಹಿಡಿದು, ಕಾಲಿನ ಪಟ್ಟಿಯ ಚಿಲಕ ಹಾಕಿಕೊಂಡು ಏಳುವುದರೊಳಗೆ ಅಣ್ಣ ನನ್ನ ಮುಂದೆ ಬಂದು ನಿಂತಿದ್ದರು.

"ಗೇರ್ ತಡಾ ಬೀಳತೈತಿ ಅಂತಾಳ ನಮ್ಮ ತಂಗಿ. ನನಗೇನ ಹಂಗ ಅನಸಿಲ್ಲ ಮಿಸ್ತ್ರಿ. ನೋಡ್ರಿ ಒಮ್ಮೆ."

ನಾನು ಬಾನೆಟ್ ಎತ್ತಿಯಾಗಿತ್ತು. ಗ್ಯಾರೇಜುಗಳಲ್ಲಿ ಇದೊಂದು ರೂಢಿ. ಗಾಡಿಯ ಜೊತೆ ಬಂದ ಗಂಡಸಿನ ಹತ್ತಿರ ಮಾತಾಡುತ್ತೇವೆ. ಅವನು ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬಂದಿದ್ದರೂ ಅವನನ್ನೇ ಕೇಳುತ್ತೇವೆ. ಅಕ್ಕೋರು ನಿಧಾನಕ್ಕೆ ಹತ್ತಿರ ಬಂದು ತಾವಾಗಿ ಹೇಳಿದರು.

"ಬೆಳಿಗ್ಗೆ ಮನಿಯಿಂದ ಬಿಟ್ಟಾಗ ಆಗೂದಿಲ್ರಿ. ಅರ್ಧಾ ತಾಸ ಓಡಿಸಿ ಗಾಡಿ ಕಾದ ಮ್ಯಾಲ ಆಗತೈತಿ. ಎಲ್ಲೆರ ನಿಂತು ಮತ್ತ ಡಿ ಹಾಕಿದ್ರ, ಒಂದು, ಎರಡು, ಮೂರು ಅನ್ನೂಮಟ ಸುಮ್ನ ನಿಲ್ಲತೈತಿ. ಆಮ್ಯಾಲ ಒಮ್ಮೆಲೆ ಜಗ್ಗತೈತಿ."

ಯಾವ ಡ್ರೈವರೂ ಇಷ್ಟು ಅಚ್ಚುಕಟ್ಟಾಗಿ ಗಾಡಿಯ ಬೇನೆ ಹೇಳಿದ್ದು ನನಗೆ ನೆನಪಿಲ್ಲ. ಆದರೆ ಅವತ್ತು ನಾನು ಕೇಳಿಸಿಕೊಂಡದ್ದು ಅರ್ಧ ಕಿವಿಯಲ್ಲಿ. ಅವರು ಡ್ಯಾಶ್‌ಬೋರ್ಡಿನ ಖಾನೆಯಿಂದ ಕಾರಿನ ಇಂಗ್ಲಿಷ್ ಪುಸ್ತಕ ತೆಗೆದು ತೋರಿಸಲು ಬಂದರು.

"ಗೇರ್ ಎಣ್ಣಿ ಹೆಂಗ ನೋಡಬೇಕಂತ ಇದರಾಗ ಬರದಾರ್ರಿ. ಇಂಜಿನ್ ಚಾಲೂ ಇಟ್ಟ ನೋಡಬೇಕಂತ."

"ಅಕ್ಕೋರೆ," ಎಂದೆ ನಗುತ್ತ, "ಪುಸ್ತಕಾ ನೀವು ಶಾಲ್ಯಾಗ ಕಲಸ್ರಿ. ಎಣ್ಣಿ ನೋಡೂದ ನನಗ ಬಿಡ್ರಿ."

ಅಲ್ಲಿ ಕೂತಿದ್ದವರೆಲ್ಲ ನಕ್ಕರು, ಅಣ್ಣಾಸಾಹೇಬರೂ ನಕ್ಕರು. ಅಕ್ಕೋರು ಪುಸ್ತಕವನ್ನು ಮತ್ತೆ ಖಾನೆಯಲ್ಲಿಟ್ಟು ಮುಚ್ಚಿದರು.

ಕಾರು ನನ್ನ ಹತ್ತಿರ ಉಳಿಯಿತು. ಮರುದಿನ ಬೆಳಿಗ್ಗೆ ಬಂದವನೇ, ಇಂಜಿನ್ ತಣ್ಣಗಿರುವಾಗ, ಬಂದ್ ಇರುವಾಗ, ಗೇರ್ ಎಣ್ಣೆಯ ಕಡ್ಡಿ ಎಳೆದು, ಅರಿವೆಯಿಂದ ಒರೆಸಿ, ಮತ್ತೆ ಅದ್ದಿ ನೋಡಿದೆ. ಟ್ರ್ಯಾಕ್ಟರಿನ ಎಣ್ಣೆ ಹಾಗೆಯೇ ನೋಡುವುದು, ಲಾರಿಯದೂ ಹಾಗೆಯೇ. ಎಣ್ಣೆ ಎರಡು ಗೆರೆಗಳ ನಡುವೆ ಸರಿಯಾಗಿ ನಿಂತಿತ್ತು. ನಿಪ್ಪಾಣಿ ರಸ್ತೆಯ ಮೇಲೆ ಎರಡು ಮೈಲಿ ಓಡಿಸಿದೆ, ಬೆಳಗಿನ ತಂಪಿನಲ್ಲಿ ಗೇರು ಬೆಣ್ಣೆಯಂತೆ ಬಿತ್ತು. ಗೇರ್ ಕೇಬಲ್ಲನ್ನು ಸ್ವಲ್ಪ ಬಿಗಿದು, ಥ್ರಾಟಲ್ ಒರೆಸಿ, ಏನೋ ಮಾಡಿದೆ ಎಂದು ತೋರಿಸಿಕೊಳ್ಳುವಷ್ಟು ಮಾಡಿ, ಅಣ್ಣಾಸಾಹೇಬರಿಗೆ ಫೋನ್ ಹಚ್ಚಿದೆ. ಕಾರು ಅರ್ಧ ತಾಸು ಓಡಿ ಬಿಸಿಯಾಗಬೇಕು ಎಂದು ಅಕ್ಕೋರು ಹೇಳಿದ್ದು ನೆನಪಿಗೆ ಬರಲೇ ಇಲ್ಲ.

"ಗಾಡಿ ಠೀಕ್ ಐತ್ರಿ ಸಾಹೇಬ್ರ. ಏನೂ ಆಗಿಲ್ಲ. ಅಕ್ಕೋರದ ಆಕ್ಸಿಲೇಟರ್ ಮ್ಯಾಲ ಕಾಲ ಸರಿಯಾಗಿ ಬೀಳಾಕತ್ತಿಲ್ಲ ಕಾಣತೈತಿ. ರೂಢಿ ಆಗಬೇಕ್ರಿ, ಮತ್ತೇನಿಲ್ಲ."

ಫೋನಿಟ್ಟು ಚಹಾ ಕುಡಿಯಲು ಹೋದೆ. ಆ ಮಾತು ಹೇಳಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಇದನ್ನು ಓದುವವರಿಗೆ ನಾನು ಹೇಳುವುದೊಂದಿದ್ದರೆ ಇದೇ. ನಮಗೆ ದೋಷ ಸಿಗದಿದ್ದರೆ ದೋಷ ಸಿಗಲಿಲ್ಲ ಎನ್ನಬೇಕು. ದೋಷ ಇಲ್ಲ ಎಂದುಬಿಟ್ಟರೆ ಅದು ಓಡಿಸುವವರ ತಲೆಯ ಮೇಲೆ ಹೋಗಿ ಕೂರುತ್ತದೆ.

ಅವರು ಕಾರು ಒಯ್ದು ಮೂರು ವಾರವಾಗಿರಬೇಕು. ಅಣ್ಣಾಸಾಹೇಬರು ಒಬ್ಬರೇ ಕಾರು ತಂದರು. ಹಿಂದಿನ ಬಲಬಾಗಿಲು ಒಳಗೆ ಕುಸಿದಿತ್ತು, ತಗಡಿನ ಪತ್ರಾದ ಮೇಲೆ ಉದ್ದಕ್ಕೂ ಗೀರು. ಕರೋಶಿಯ ಕಡೆ ತಿರುಗುವಲ್ಲಿ ಅಕ್ಕೋರು ದೊಡ್ಡ ರಸ್ತೆ ದಾಟಲು ನಿಂತಿದ್ದರು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಗೇರು ಎನ್‌ಗೆ ತಂದು ಕಾಯ್ದರು. ಒಂದು ಟ್ರ್ಯಾಕ್ಟರು ಹೋಗಿ, ಮುಂದಿನದು ಇನ್ನೂ ದೂರವಿದ್ದಾಗ ಡಿ ಹಾಕಿ ಆಕ್ಸಿಲೇಟರ್ ಒತ್ತಿದರು. ಕಾರು ಕದಲಲಿಲ್ಲ. ಕದಲಿದಾಗ ಒಮ್ಮೆಲೇ ನೆಗೆದು ರಸ್ತೆಯ ನಡುವೆ ಹೋಗಿತ್ತು, ಅಷ್ಟರಲ್ಲಿ ಮುಂದಿನ ಟ್ರ್ಯಾಕ್ಟರು ಬಂದೇ ಬಿಟ್ಟಿತ್ತು. ಅದರ ಡ್ರೈವರ್ ಪುಣ್ಯಾತ್ಮ ಪಕ್ಕಕ್ಕೆ ಎಳೆದ. ಎರಡನೇ ಟ್ರೇಲರಿನ ಮೂಲೆ ಬಾಗಿಲಿಗೆ ತಾಗಿ ಹೋಯಿತು.

"ದೇವರ ದೊಡ್ಡಾಂವ, ಮೈಗೇನ ಆಗಿಲ್ಲ," ಎಂದರು ಅಣ್ಣಾಸಾಹೇಬರು. "ಇನ್ನ ಆಕೀಗಿ ಗಾಡಿ ಬ್ಯಾಡ್ರಿ. ನೀವ ಹೇಳಿದ್ರೆಲ್ಲ, ಗಾಡಿ ಠೀಕ್ ಐತಿ, ಕಾಲ ಸರಿ ಬೀಳಾಕತ್ತಿಲ್ಲ ಅಂತ. ಅದ ಖರೇ ಆತ ನೋಡ್ರಿ. ಬಾಗಲಾ ಒಂದ ಸರಿ ಮಾಡಿಸಿ ಕೊಡ್ರಿ. ಅಥಣಿಯವರೊಬ್ಬರು ಕೇಳ್ಯಾರ, ಕೊಟ್ಟಬಿಡ್ತೀನಿ."

"ಅಕ್ಕೋರು ಶಾಲಿಗೆ ಹೆಂಗ ಹೋಕ್ಕಾರ್ರಿ?"

"ರಜಾ ಹಾಕ್ಯಾಳ. ಬಸ್ ಹತ್ತೂದ ಈಗ ಆಗೂದಿಲ್ಲ ಅಂತಾಳ. ಎರಡ ದಿನ ಆತ, ಸರಿಯಾಗಿ ಮಾತೂ ಆಡವಲ್ಲಳು. ನೌಕರಿ ಬಿಡೂದಾದ್ರ ಬಿಡ್ಲಿ ಮಿಸ್ತ್ರಿ. ಜೀವಾ ಇದ್ರ ಸಾಕ."

ನನ್ನ ಮಾತನ್ನೇ ಅವರು ನನ್ನ ಮುಂದೆ ಸಾಕ್ಷಿಯಾಗಿ ಇಟ್ಟಿದ್ದರು. ಹೌದ್ರಿ ಎಂದೆ. ಚಾವಿ ತೆಗೆದುಕೊಂಡೆ.

ಪತ್ರಾ ಬಡಿಯುವವನು ನಿಪ್ಪಾಣಿಯಲ್ಲಿದ್ದ. ಬಾಗಿಲು ಸರಿಯಾದ ಮೇಲೆ ಕಾರು ತರಲು ನಾನೇ ಹೋದೆ. ಸುಡುಮಧ್ಯಾಹ್ನ, ಎಸಿ ಹಾಕಿಕೊಂಡು ಬಂದೆ. ಚಿಕ್ಕೋಡಿಯ ಒಳಗೆ ತಿರುಗುವಲ್ಲಿ ಕಬ್ಬಿನ ಗಾಡಿಗಳಿಗಾಗಿ ನಿಂತು ಗೇರು ಎನ್‌ಗೆ ತಂದೆ. ದಾರಿ ಸಿಕ್ಕಾಗ ಡಿ ಹಾಕಿದೆ. ಇಂಜಿನ್ ಗುರ್ ಎಂದಿತು, ಗಾಡಿ ನಿಂತಲ್ಲೇ ನಿಂತಿತ್ತು. ಒಂದು. ಎರಡು. ಮೂರು. ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಮುಂದಕ್ಕೆ ಜಗ್ಗಿತು.

ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಮತ್ತೆ ಎನ್, ಮತ್ತೆ ಡಿ. ಐದು ಸಲ ಮಾಡಿದೆ, ಐದು ಸಲವೂ ಅದೇ. ಅಕ್ಕೋರು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ, ಒಂದಕ್ಷರ ಕಡಿಮೆ ಇರಲಿಲ್ಲ. ಆ ಮೂರು ಎಣಿಕೆಯಲ್ಲಿ ಎರಡು ಟ್ರೇಲರಿನ ಟ್ರ್ಯಾಕ್ಟರು ಎಷ್ಟು ದೂರ ಬರುತ್ತದೆಂದು, ಕಣ್ಣಮುಂದೆಯೇ ಹೋಗುತ್ತಿದ್ದವುಗಳನ್ನು ಎಣಿಸಿ ನೋಡಿದೆ.

ಖಾನೆ ತೆಗೆದು ಆ ಪುಸ್ತಕ ಹೊರಗೆ ಎಳೆದೆ. ಒಂದು ಪುಟದಲ್ಲಿ ಪೆನ್ಸಿಲ್ಲಿನ ಗೆರೆ ಹಾಕಿತ್ತು. ಗೆರೆಯ ಪಕ್ಕಕ್ಕೆ ಒಂದು ಚೀಟಿ, ದುಂಡಗಿನ ಕನ್ನಡ ಅಕ್ಷರ. ಗಾಡಿ ಅರ್ಧ ಗಂಟೆ ಓಡಿಸಬೇಕು, ಸಪಾಟು ಜಾಗದಲ್ಲಿ ನಿಲ್ಲಿಸಬೇಕು, ಇಂಜಿನ್ ಬಂದ್ ಮಾಡಬಾರದು, ಬ್ರೇಕ್ ಒತ್ತಿ ಹಿಡಿದು ಗೇರಿನ ಕಡ್ಡಿಯನ್ನು ಎಲ್ಲ ಜಾಗಕ್ಕೂ ಒಮ್ಮೆ ಸರಿಸಿ ಮತ್ತೆ ಪಿಗೆ ತಂದು, ಆಮೇಲೆ ಎಣ್ಣೆ ನೋಡಬೇಕು. ಇಂಗ್ಲಿಷ್ ನನಗೆ ಬರುವುದಿಲ್ಲವೆಂದು ಅಕ್ಕೋರು ನನ್ನ ಸಲುವಾಗಿಯೇ ಬರೆದು ತಂದಿದ್ದ ಚೀಟಿ ಅದು. ಅವತ್ತು ಕೊಡಲು ಬಂದಾಗ ನಾನು ನಗೆಯಾಡಿದ್ದೆ.

ಚೀಟಿಯಲ್ಲಿ ಇದ್ದಂತೆಯೇ ಮಾಡಿದೆ. ಎಣ್ಣೆಯ ಕಡ್ಡಿ ಎಳೆದರೆ ತುದಿಗೆ ಮಾತ್ರ ಎಣ್ಣೆಯ ಗುರುತು. ಇಂಜಿನ್ ಬಂದ್ ಇದ್ದಾಗ ಗೇರ್‌ಬಾಕ್ಸಿನ ಮೂಲೆಮೂಲೆಯ ಎಣ್ಣೆಯೆಲ್ಲ ಕೆಳಗಿನ ತಟ್ಟೆಗೆ ಇಳಿದು ನಿಲ್ಲುತ್ತದೆ, ಕಡ್ಡಿಗೆ ಹೊಟ್ಟೆತುಂಬ ಕಾಣಿಸುತ್ತದೆ. ಇಂಜಿನ್ ಚಾಲೂ ಆದರೆ ಪಂಪು ಅದನ್ನು ಮೇಲಕ್ಕೆ ಎಳೆಯುತ್ತದೆ, ಆಗ ಉಳಿದದ್ದೇ ನಿಜವಾದ ಮಟ್ಟ. ಎಣ್ಣೆ ಕಡಿಮೆಯಿದ್ದು, ಅದೂ ಕಾಯ್ದು ತೆಳ್ಳಗಾದಾಗ, ಪಂಪು ಗಾಳಿ ಎಳೆಯುತ್ತದೆ. ಈ ಗಾಡಿಯಲ್ಲಿ ಗೇರು ಹಿಡಿಯುವುದೇ ಎಣ್ಣೆಯ ಒತ್ತಡದಿಂದ. ಒತ್ತಡ ತುಂಬುವತನಕ ಗಾಡಿ ನಿಂತೇ ಇರುತ್ತದೆ. ಅದೇ ಆ ಒಂದು, ಎರಡು, ಮೂರು. ನಾನು ಟ್ರ್ಯಾಕ್ಟರಿನ ಎಣ್ಣೆ ನೋಡುವ ಹಾಗೆ ಕಾರಿನ ಎಣ್ಣೆ ನೋಡಿದ್ದೆ, ಅದಕ್ಕಿಂತ ಹೆಚ್ಚಿನ ಗುಟ್ಟು ಇದರಲ್ಲಿ ಇಲ್ಲ.

ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದೆ. ಸುಟ್ಟ ವಾಸನೆ ಬಂದಿದ್ದರೆ ಒಳಗಿನ ಕ್ಲಚ್ ತಟ್ಟೆಗಳು ಹೋದವೆಂದೇ ಲೆಕ್ಕ. ಹಾಗಾಗಿದ್ದರೆ ಕಾರು ಅಥಣಿಗೆ ಹೋಗುವುದನ್ನು ಯಾರೂ ತಡೆಯಲಾಗುತ್ತಿರಲಿಲ್ಲ. ಕೆಂಪು ಹೋಗಿ ಕಂದು ಬಣ್ಣ ಬಂದಿತ್ತು, ಆದರೆ ಸುಟ್ಟಿರಲಿಲ್ಲ. ಗಾಡಿಯ ಕೆಳಗೆ ಮಲಗಿ ಹುಡುಕಿದೆ. ಗೇರ್ ಎಣ್ಣೆ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುವ ರಬ್ಬರ್ ಪೈಪು ಗಡುಸಾಗಿ, ಕ್ಲಿಪ್ಪಿನ ಹತ್ತಿರ ಸೀಳಿತ್ತು. ಎಣ್ಣೆ ನೆಲಕ್ಕೆ ತೊಟ್ಟಿಕ್ಕಿದ್ದರೆ ಯಾರಾದರೂ ನೋಡುತ್ತಿದ್ದರು. ನಮ್ಮ ಕಬ್ಬಿನ ರಸ್ತೆಗಳ ಧೂಳು ಅದನ್ನು ಹೀರಿ ಹೀರಿ ಪೈಪಿನ ಸುತ್ತ ಹೆಂಟೆಯಾಗಿ ಕೂತಿತ್ತು. ಪೈಪು ಬದಲಿಸಿದೆ. ತಟ್ಟೆ ಇಳಿಸಿ ಫಿಲ್ಟರ್ ತೊಳೆದೆ. ಪುಸ್ತಕದಲ್ಲಿ ಬರೆದ ಎಣ್ಣೆಯನ್ನೇ ಕೊಲ್ಲಾಪುರದಿಂದ ತರಿಸಿ, ಇಂಜಿನ್ ಚಾಲೂ ಇಟ್ಟು, ಸ್ವಲ್ಪಸ್ವಲ್ಪವೇ ಹಾಕಿ ಮಟ್ಟಕ್ಕೆ ತಂದೆ. ಎರಡು ಮಧ್ಯಾಹ್ನ ಬಿಸಿಲಿನಲ್ಲಿ ಓಡಿಸಿದೆ. ಡಿ ಹಾಕಿದರೆ ತಡಮಾಡದೆ ಹೊರಡುತ್ತಿತ್ತು.

ಈಗಿನವರಿಗೆ ಇದನ್ನೆಲ್ಲ ಹೇಳಿದರೆ ನಗುತ್ತಾರೆ. ಎಷ್ಟೋ ಗಾಡಿಗಳಲ್ಲಿ ಎಣ್ಣೆ ನೋಡುವ ಕಡ್ಡಿಯೇ ಇಲ್ಲ. ಸ್ಕ್ಯಾನರ್ ಹಚ್ಚಿದರೆ ಎಣ್ಣೆ ಎಷ್ಟು ಕಾಯ್ದಿದೆ, ಯಾವ ಗೇರು ಯಾವಾಗ ಬಿತ್ತು ಎಲ್ಲ ಪರದೆಯ ಮೇಲೆ ಬರುತ್ತದೆ. ಒಳ್ಳೆಯದೇ. ಕಡೆಯ ವರ್ಷಗಳಲ್ಲಿ ನಾನೂ ಒಂದು ಸ್ಕ್ಯಾನರ್ ಇಟ್ಟುಕೊಂಡೆ, ಕಣ್ಣು ಕಿರಿದು ಮಾಡಿ ಓದುವುದೇ ಒಂದು ಕೆಲಸವಾಗುತ್ತಿತ್ತು. ಅದರಲ್ಲಿ ತಪ್ಪೇನೂ ತೋರಿಸುತ್ತಿಲ್ಲ ಎಂದು ಗಿರಾಕಿಯನ್ನು ವಾಪಸ್ಸು ಕಳಿಸುವವರನ್ನೂ ನೋಡಿದ್ದೇನೆ. ಆಗೆಲ್ಲ ಎದ್ದುಹೋಗಿ ಏನಾದರೂ ಹೇಳೋಣ ಅನ್ನಿಸುತ್ತದೆ, ಆಮೇಲೆ ಸಾಕಪ್ಪ ಎನ್ನಿಸಿ ಸುಮ್ಮನಾಗುತ್ತೇನೆ.

ಕಾರು ಸರಿಯಾಯಿತು ಎಂದು ಅಣ್ಣಾಸಾಹೇಬರಿಗೆ ಫೋನ್ ಮಾಡಿದಾಗ, ಅಥಣಿಯವರು ನಾಳೆ ಸಂಜೆ ಬರುತ್ತಾರೆ, ತಂದು ನಿಲ್ಲಿಸಿಬಿಡಿ ಎಂದರು. ಸಣ್ಣದೊಂದು ಪೈಪು ಹೋಗಿತ್ತು, ಹಾಕಿದ್ದೇನೆ ಎಂದು ಅಲ್ಲಿಗೇ ಮುಗಿಸಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆಟೋಮ್ಯಾಟಿಕ್ ಬಲ್ಲ ಮಿಸ್ತ್ರಿ ಎಂಬ ಹೆಸರೂ ಉಳಿಯುತ್ತಿತ್ತು. ಒಂದಿಡೀ ಬೆಳಿಗ್ಗೆ ಅದನ್ನೇ ಯೋಚಿಸುತ್ತ ಕೂತಿದ್ದೆ. ನಾನೇನು ದೊಡ್ಡ ಸತ್ಯವಂತನಲ್ಲ. ಆ ಚೀಟಿಯ ದುಂಡನೆ ಅಕ್ಷರ ಕಣ್ಣಿಗೆ ಕಟ್ಟಿತ್ತು, ಅದಕ್ಕೇ ಕಾರು ತೆಗೆದುಕೊಂಡು ರಾಯಬಾಗಕ್ಕೆ ಹೋದೆ.

ಅಣ್ಣಾಸಾಹೇಬರು ಅಂಗಳದಲ್ಲಿದ್ದರು. ಅಕ್ಕೋರು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ರಜೆಯಲ್ಲಿದ್ದರೂ ತರಿಸಿಕೊಂಡಿದ್ದರು ಅನಿಸುತ್ತದೆ. ನನ್ನನ್ನು ನೋಡಿ ತಲೆ ತಗ್ಗಿಸಿದರು. ನಿಂತಲ್ಲೇ ಹೇಳಿಬಿಟ್ಟೆ.

"ಸಾಹೇಬ್ರ, ದೋಷ ಗಾಡ್ಯಾಗ ಇತ್ರಿ. ಎಣ್ಣಿ ಕಡಿಮಿ ಆಗಿತ್ತು. ನಾ ತಪ್ಪ ನೋಡಿದ್ನಿ. ಅಕ್ಕೋರದ ಏನೂ ತಪ್ಪಿಲ್ರಿ."

ಅಣ್ಣಾಸಾಹೇಬರು ಹತ್ತಿರ ಬಂದರು. "ಆವಾಗ ಗಾಡಿ ಠೀಕ್ ಐತಿ ಅಂದ್ರಿ. ಈಗ ಗಾಡ್ಯಾಗ ದೋಷ ಇತ್ತ ಅಂತೀರಿ. ನಾಳೆ ಮತ್ತೊಂದ ಅಂತೀರಿ. ನಾ ಯಾವುದನ್ನ ನಂಬಿ ಆಕೀ ಕೈಯಾಗ ಚಾವಿ ಕೊಡ್ಲಿ ಮಿಸ್ತ್ರಿ?"

ಅವರ ಮಾತಿನಲ್ಲಿ ತಪ್ಪೇನಿತ್ತು? ಅಕ್ಕೋರು ಎದ್ದು, ಪಟ್ಟಿಯ ಕಾಲು ಎಳೆಯುತ್ತ ಅಂಗಳಕ್ಕೆ ಇಳಿದು, ಒಂದು ಬಿಳಿ ಹಾಳೆ ಮತ್ತು ಕೈಯಲ್ಲಿದ್ದ ಕೆಂಪು ಪೆನ್ನು ನನ್ನ ಮುಂದೆ ಹಿಡಿದರು.

"ಬರದ ಕೊಡ್ರಿ."

"ಏನಂತ ಬರೀಲ್ರಿ?"

"ಆದದ್ದ ಬರೀರಿ."

ಮಿಸ್ತ್ರಿಗಳು ಯಾವತ್ತೂ ಬರೆದುಕೊಡುವುದಿಲ್ಲ. ನಮ್ಮದು ಬಾಯಿಮಾತಿನ ವ್ಯವಹಾರ. ಗಾಡಿ ನಿಂತರೆ, ನಾನೆಲ್ಲಿ ಹಾಗೆ ಹೇಳಿದೆ ಎನ್ನಲು ಅನುಕೂಲ. ಕಾರಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಬರೆದೆ. ಬಾನೆಟ್ಟು ಇನ್ನೂ ಬಿಸಿಯಿತ್ತು. ಕಾರಿನಲ್ಲಿ ದೋಷವಿತ್ತು. ಅಕ್ಕೋರು ಮೊದಲೇ ಸರಿಯಾಗಿ ಹೇಳಿದ್ದರು, ನಾನು ಕೇಳಲಿಲ್ಲ. ಎಣ್ಣೆ ನೋಡುವ ಕ್ರಮ ನನಗೆ ಗೊತ್ತಿರಲಿಲ್ಲ. ಗಾಡಿ ಸರಿ ಇದೆ, ಅವರ ಕಾಲು ಸರಿ ಬೀಳುತ್ತಿಲ್ಲ ಎಂದು ಹೇಳಿದ್ದು ಸುಳ್ಳು. ಕೆಳಗೆ ಸಹಿ ಮಾಡಿದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆವರು ಕಿತ್ತುಬಂತು.

ಅಕ್ಕೋರು ಓದಿ ಅಣ್ಣನ ಕೈಗೆ ಕೊಟ್ಟರು. ಅಣ್ಣಾಸಾಹೇಬರು ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ಹಾಳೆ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಫೋನ್ ತೆಗೆದರು. "ಬ್ಯಾಡ್ರಿ, ಬರಬ್ಯಾಡ್ರಿ. ಗಾಡಿ ಕೊಡೂದಿಲ್ಲ," ಎಂದು ಅಥಣಿಯವರಿಗೆ ಹೇಳಿದರು. ಆಮೇಲೆ ನನ್ನ ಕೈಯಿಂದ ಚಾವಿ ತೆಗೆದುಕೊಂಡು ತಂಗಿಯ ಮುಂದೆ ಹಿಡಿದರು.

"ಹತ್ರಿ ಮಿಸ್ತ್ರಿ, ಬಸ್ ಸ್ಟ್ಯಾಂಡಿನಮಟ ಬಿಡ್ತೀನಿ," ಎಂದರು ಅಕ್ಕೋರು.

ಹಿಂದಕ್ಕೆ ತೆಗೆದು, ತಿರುಗಿಸಿ, ಡಿ ಹಾಕಿದರು. ಕಾರು ತಡೆಯದೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವರೇ ಮಾತು ತೆಗೆದರು. ಸಿಟ್ಟಿರಲಿಲ್ಲ, ತರಗತಿಯಲ್ಲಿ ಲೆಕ್ಕ ಬಿಡಿಸಿ ಹೇಳುವ ದನಿ.

"ಕಾಲ ಸರಿ ಬೀಳಾಕತ್ತಿಲ್ಲ ಅಂತ ನೀವು ಅಂದದ್ದ ಅಣ್ಣ ನನಗ ಹೇಳಿದ್ದಾ. ಟ್ರ್ಯಾಕ್ಟರ್ ತಾಗಿದ ಮರದಿನ ನಾ ಒಬ್ಬಾಕಿನ ರೈಲ ಹತ್ತಿ ಮಿರಜಕ್ಕ ಹೋಗಿದ್ನಿರಿ. ಡಾಕ್ಟರ್ ಕಡೆ ಬಲಗಾಲ ತೋರಿಸ್ಕೊಂಡ ಬಂದ್ನಿ. ಎಡಗಾಲ ಹೋದಂಗ ಇದೂ ಹೊಂಟತೇನೋ ಅಂತ ಅನಿಸಿತ್ತು. ಮನ್ಯಾಗ ಯಾರಿಗೂ ಹೇಳಿಲ್ಲ."

ಅವರ ಕಡೆ ತಿರುಗಿದೆ. "ಡಾಕ್ಟರ್ ಏನಂದ್ರು?"

"ಕಾಲಿಗೇನ ಆಗಿಲ್ಲ, ಗಟ್ಟಿ ಐತಿ ಅಂದ್ರು," ಎಂದರು. "ನಾ ಅವರನ್ನ ನಂಬಲಿಲ್ರಿ. ನಿಮ್ಮನ್ನ ನಂಬಿದ್ನಿ."

ಸ್ಟ್ಯಾಂಡ್ ಬಂತು. ತಪ್ಪಾತ್ರಿ ಅಕ್ಕೋರೆ ಎಂದೆ. ಹೂಂ ಎಂದರು. ಇಳಿದು ಬಾಗಿಲು ಹಾಕಿದೆ, ಅವರು ಕಾರು ತಿರುಗಿಸಿಕೊಂಡು ಹೋದರು. ಚಿಕ್ಕೋಡಿಯ ಬಸ್ಸು ನಿಂತಿತ್ತು. ಕಂಡಕ್ಟರ್ ಎರಡು ಸಲ ಕೂಗಿದ. ಬಸ್ಸು ಹೋಯಿತು. ಅದರ ಹಿಂದಿನದೂ ಬಂದು ಹೋಯಿತು. ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತಿದ್ದೆ.